ಭಾರದ ಮೊನೆಗೆ ತಕ್ಕ ಸ್ಪೈನ್: 45 ಪೌಂಡಿನ ರಿಕರ್ವ್ ಬಿಲ್ಲಿಗೆ ಯಾವ ಶಾಫ್ಟ್ ಸರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿದ್ದು, ಇಲ್ಲಿನ ಕ್ಲಬ್ಬೊಂದರಲ್ಲಿ ಸಾಂಪ್ರದಾಯಿಕ ಬಿಲ್ಲಿನ ಅಭ್ಯಾಸ ಮಾಡುತ್ತಿದ್ದೇನೆ. ನನ್ನದು ಒಂದೇ ತುಂಡಿನ ಮರದ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು. ಉದ್ದ 60 ಇಂಚು, 28 ಇಂಚಿನ ಎಳೆತಕ್ಕೆ 45 ಪೌಂಡ್, ನನ್ನ ಎಳೆತವೂ 28 ಇಂಚೇ. ಸೈಟ್ (ಗುರಿಸೂಚಕ) ಇಲ್ಲ, ಪ್ಲಂಜರ್ (ಬಾಣದ ಪಕ್ಕಕ್ಕೆ ಆನಿಸುವ ಸ್ಪ್ರಿಂಗ್ ಗುಂಡಿ) ಇಲ್ಲ. ಹಿಡಿಕೆಯ ಮೇಲೆ ಚರ್ಮ ಹಾಸಿದ ಅಂಚಿನ, ಅಂದರೆ ಶೆಲ್ಫಿನ ಮೇಲೆಯೇ ಬಾಣವಿಟ್ಟು, ಮೂರು ಬೆರಳುಗಳನ್ನೂ ನಾಕ್‌ನ (ಬಾಣದ ಬಾಲದಲ್ಲಿ ಹೆದೆ ಕೂರುವ ಸೀಳಿನ) ಕೆಳಗಿರಿಸಿ ಎಳೆಯುತ್ತೇನೆ. ಹೆದೆ ಡೇಕ್ರಾನ್ ಎಂಬ ನೂಲಿನದು. ನಾನು ಬಲಗೈಯವನು.

ಇದುವರೆಗೆ 600 ಸ್ಪೈನ್‌ನ ಕಾರ್ಬನ್ ಶಾಫ್ಟುಗಳನ್ನು (ಶಾಫ್ಟ್ ಎಂದರೆ ಬಾಣದ ಕೋಲು; ಸ್ಪೈನ್ ಅದರ ಬಿಗಿತದ ಅಂಕೆ, ಕಾರ್ಬನ್ನಿನಲ್ಲಿ ಅಂಕೆ ಸಣ್ಣದಾದಷ್ಟೂ ಕೋಲು ಬಿಗಿ) 29 ಇಂಚಿಗೆ ಕತ್ತರಿಸಿ, 125 ಗ್ರೇನ್ (ಸುಮಾರು 8 ಗ್ರಾಂ) ಮೊನೆ ಹಾಕಿ ಬಳಸುತ್ತಿದ್ದೆ. ಅವು ನೇರವಾಗಿಯೇ ಹೋಗುತ್ತಿದ್ದವು. ಕ್ಲಬ್ಬಿನ ಹಿರಿಯರೊಬ್ಬರು ತ್ರೀಡಿ ಗುರಿಗಳಿಗೆ (ಫೋಮ್‌ನಲ್ಲಿ ಮಾಡಿದ ಪ್ರಾಣಿಯಾಕಾರಗಳಿಗೆ) ಮುಂಭಾಗ ಭಾರವಾದ ಬಾಣ ಒಳ್ಳೆಯದೆಂದು ಹೇಳಿದ್ದರಿಂದ 250 ಗ್ರೇನ್ ಮೊನೆಗಳನ್ನು ತಂದು ಅದೇ ಶಾಫ್ಟುಗಳಿಗೆ ಹಾಕಿದೆ. ಅಲ್ಲಿಂದ ಬಾಣಗಳು ಬಾಲ ಅಲ್ಲಾಡಿಸುತ್ತ ಹೋಗುತ್ತಿವೆ. 15 ಗಜ ದೂರದಲ್ಲಿ ಗರಿಯಿಲ್ಲದ ಬಾಣವು ಗರಿಯಿರುವ ಬಾಣಗಳ ಗುಂಪಿನಿಂದ ಒಂದು ಗೇಣಿಗೂ ಹೆಚ್ಚು ಬಲಕ್ಕೆ ನಾಟುತ್ತದೆ, ಅದರ ನಾಕ್ ಎಡಕ್ಕೆ ವಾಲಿಕೊಂಡಿರುತ್ತದೆ. ನನ್ನ ಬಳಿಯಿರುವ ಶಾಫ್ಟ್ ಆಯ್ಕೆಯ ಪಟ್ಟಿಯಲ್ಲಿ 125 ಗ್ರೇನ್‌ಗಿಂತ ಭಾರದ ಮೊನೆಗೆ ಲೆಕ್ಕವೇ ಇಲ್ಲ. ನಾನು 500 ಸ್ಪೈನ್‌ಗೆ ಹೋಗಬೇಕೇ, 400ಕ್ಕೆ ಹೋಗಬೇಕೇ, ಅಥವಾ ಇರುವ ಶಾಫ್ಟುಗಳನ್ನೇ ಇನ್ನಷ್ಟು ಕತ್ತರಿಸಿದರೆ ಸಾಕೇ? ಬೇಟೆಯ ಉದ್ದೇಶ ನನಗಿಲ್ಲ. ಅಂಥವನಿಗೆ ಇಷ್ಟು ಭಾರದ ಮೊನೆಯ ಅಗತ್ಯವಿದೆಯೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1

ಮಾನ್ಯರೇ, ನೀವು ಕೊಟ್ಟಿರುವ ವಿವರದಿಂದಲೇ ಅರ್ಧ ಉತ್ತರ ಸಿಗುತ್ತದೆ. ಬಲಗೈಯವರಲ್ಲಿ ಗರಿಯಿಲ್ಲದ ಬಾಣ ಬಲಕ್ಕೆ ಬಿದ್ದು ಅದರ ನಾಕ್ ಎಡಕ್ಕೆ ವಾಲಿದರೆ, ಆ ಮೊನೆಗೆ ಆ ಶಾಫ್ಟು ಮೆದುವಾಯಿತೆಂದು ಅರ್ಥ. ಎಡಕ್ಕೆ ಬಿದ್ದು ನಾಕ್ ಬಲಕ್ಕೆ ವಾಲಿದ್ದರೆ ಬಿಗಿಯಾಯಿತೆನ್ನಬಹುದಿತ್ತು.

ಶಾಫ್ಟಿನ ಮೇಲೆ ಅಚ್ಚಾಗಿರುವ 600 ಎಂಬ ಅಂಕೆ ಹೇಳುವುದು ಒಂದೇ ಸಂಗತಿಯನ್ನು: ಶಾಫ್ಟನ್ನು 28 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು, ನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಕ ತೂಗಿಬಿಟ್ಟಾಗ ಅದು 0.600 ಇಂಚು ಬಗ್ಗುತ್ತದೆ. ಇದು ನಿಂತ ಶಾಫ್ಟಿನ ಗುಣ. ನೀವು ಅದನ್ನು ಎಷ್ಟು ಉದ್ದಕ್ಕೆ ಕತ್ತರಿಸಿದ್ದೀರಿ, ತುದಿಗೆ ಎಷ್ಟು ಭಾರ ಕಟ್ಟಿದ್ದೀರಿ, ಹಿಂದಿನಿಂದ ಯಾವ ಬಿಲ್ಲು ನೂಕುತ್ತಿದೆ ಎಂಬುದು ಆ ಅಂಕೆಗೆ ಗೊತ್ತಿಲ್ಲ. ಬಾಣ ಬಿಲ್ಲಿನಿಂದ ಹೊರಡುವಾಗ ತೋರುವ ಬಿಗಿತವೇ ಬೇರೆ. ಅದನ್ನು ಡೈನಮಿಕ್ ಸ್ಪೈನ್ ಎನ್ನುತ್ತಾರೆ, ಮೊನೆಯ ಭಾರ ಬದಲಾದಾಗ ಬದಲಾಗುವುದು ಅದು.

ತೆಳ್ಳಗಿನ ಬಿದಿರ ಕೋಲನ್ನು ನೆಲಕ್ಕೂರಿ ಮೇಲಿನಿಂದ ಅಂಗೈಯಲ್ಲಿ ಒತ್ತಿದರೆ ಅದು ನಡುವೆ ಬಾಗುತ್ತದಲ್ಲ, ಬಾಣಕ್ಕೆ ಆಗುವುದೂ ಅದೇ. ಹೆದೆ ಹಿಂದಿನಿಂದ ನೂಕುತ್ತದೆ, ಮೊನೆಯ ಜಡತ್ವ ಮುಂದಿನಿಂದ ತಡೆಯುತ್ತದೆ, ಇವೆರಡರ ನಡುವೆ ಸಿಕ್ಕ ಶಾಫ್ಟು ಬಾಗುತ್ತದೆ. ಹೆದೆಯು ಬೆರಳುಗಳಿಂದ ಜಾರುವಾಗ ಪಕ್ಕಕ್ಕೆ ಸರಿಯುವುದರಿಂದ ಬಾಣವು ಮೊದಲು ಬಿಲ್ಲಿನ ಕಡೆಗೆ ಒತ್ತಿ ಬಾಗಿ, ನಂತರ ಹೊರಕ್ಕೆ ಬಾಗಿ, ಹೀಗೆ ಬಿಲ್ಲಿನ ಹಿಡಿಕೆಯನ್ನು ಬಳಸಿಕೊಂಡು ಹೋಗುತ್ತದೆ. ಈ ಬಳುಕು ಹದವಾಗಿದ್ದರೆ ಗರಿಗಳು ಬಿಲ್ಲಿಗೆ ತಾಗದೆ ಪಾರಾಗುತ್ತವೆ. ಮೊನೆ ಭಾರವಾದಷ್ಟೂ ಶಾಫ್ಟು ಹೆಚ್ಚು ಬಾಗುತ್ತದೆ, ಬಾಗಿ ಮರಳುವ ಒಂದೊಂದು ಸುತ್ತಿಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಆದ್ದರಿಂದ ಗರಿ ಬಿಲ್ಲಿನ ಬಳಿಗೆ ಬರುವ ಹೊತ್ತಿಗೆ ಬಾಲ ಇರಬೇಕಾದ ಕಡೆ ಇರುವುದಿಲ್ಲ. ನೀವು ಕಾಣುತ್ತಿರುವ ಬಾಲದ ಅಲ್ಲಾಟ ಇದರಿಂದಲೇ.

ಇರುವ 600ರ ಶಾಫ್ಟುಗಳನ್ನು ಕತ್ತರಿಸಬೇಡಿ. ಅವು ಈಗಾಗಲೇ 29 ಇಂಚಿವೆ. 28 ಇಂಚು ಎಳೆಯುವವರು ಇನ್ನೊಂದು ಇಂಚು ತೆಗೆದರೆ ಮೊನೆಯ ಬುಡ ಬೆರಳಿಗೂ ಶೆಲ್ಫಿಗೂ ಹತ್ತಿರ ಬಂದು ಅಪಾಯವಾಗುತ್ತದೆ, ಅಷ್ಟು ಮಾಡಿದರೂ 125 ಗ್ರೇನ್ ಹೆಚ್ಚುವರಿ ಭಾರವನ್ನು ಅದು ಸರಿದೂಗಿಸುವುದಿಲ್ಲ. ಅವುಗಳಿಗೆ ಹಳೆಯ ಮೊನೆಯನ್ನೇ ಹಾಕಿ ಇಟ್ಟುಕೊಳ್ಳಿ.

ಹೊಸದಕ್ಕೆ ಇಡೀ ಡಜನ್ ಕೊಳ್ಳುವ ಮೊದಲು 500ರ ಎರಡು, 400ರ ಎರಡು ಶಾಫ್ಟುಗಳನ್ನು ಪೂರ್ತಿ ಉದ್ದದಲ್ಲೇ ತರಿಸಿರಿ. ಅಮೆರಿಕದಲ್ಲಿ ಬಿಡಿ ಶಾಫ್ಟುಗಳನ್ನು ಪರೀಕ್ಷೆಗೆಂದು ಮಾರುವ ಅಂಗಡಿಗಳಿವೆ. ಮೊದಲು 500ರ ಒಂದಕ್ಕೆ ಗರಿಯಿಲ್ಲದೆ 250 ಗ್ರೇನ್ ಮೊನೆ ಹಾಕಿ ಹತ್ತು ಗಜದಿಂದ ಬಿಡಿ. ಪೂರ್ತಿ ಉದ್ದದಲ್ಲಿ ಅದು ಮೆದುವಾಗಿಯೇ ತೋರಬೇಕು, ತೋರಲಿ. ನಂತರ ನಾಕ್ ಕಡೆಯಿಂದ ಕಾಲು ಕಾಲು ಇಂಚು ಕತ್ತರಿಸುತ್ತ, ಪ್ರತಿ ಸಲವೂ ಬಿಟ್ಟು ನೋಡಿ. ಮುಂದೆ ಇನ್ಸರ್ಟ್ (ಮೊನೆಯನ್ನು ತಿರುಗಿಸಿ ಕೂರಿಸುವ ಒಳತುಂಡು) ಅಂಟಿಸಿರುವುದರಿಂದ ಹಿಂದಿನಿಂದ ಕತ್ತರಿಸುವುದು ಸುಲಭ. ಶಾಫ್ಟಿನ ಬಾಗು ಉದ್ದದ ಘನಕ್ಕೆ ಅನುಗುಣವಾಗಿರುವುದರಿಂದ 31 ಇಂಚಿನಿಂದ ಅರ್ಧ ಇಂಚು ತೆಗೆದರೆ ಬಾಗು ಸುಮಾರು ಶೇ. 5ರಷ್ಟು ಇಳಿಯುತ್ತದೆ, ಒಂದೂವರೆ ಇಂಚು ತೆಗೆದರೆ ಶೇ. 14ರಷ್ಟು ಇಳಿಯುತ್ತದೆ. ಆದ್ದರಿಂದ ಅವಸರ ಬೇಡ. ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗದು. ಗರಿಯಿಲ್ಲದ ಬಾಣ ಗುಂಪಿನ ಬಳಿಗೆ ಬಂದು, ಇನ್ನೂ ಕೂದಲೆಳೆಯಷ್ಟು ಮೆದುವಾಗಿ ತೋರುವಾಗಲೇ ನಿಲ್ಲಿಸಿ, ಏಕೆಂದರೆ ಹಿಂದೆ ಗರಿ ಅಂಟಿಸಿದ ಮೇಲೆ ಬಾಣ ಸ್ವಲ್ಪ ಬಿಗಿಯಾಗಿ ವರ್ತಿಸುತ್ತದೆ.

ನಿಮ್ಮ ಬಿಲ್ಲಿಗೆ 500ರ ಶಾಫ್ಟು 29ರಿಂದ 30 ಇಂಚಿನ ನಡುವೆ ಎಲ್ಲೋ ಹೊಂದಿಕೊಳ್ಳುವ ಸಂಭವವೇ ಹೆಚ್ಚೆಂದು ನನ್ನ ಅಂದಾಜು. 29 ಇಂಚಿಗೆ ಬಂದರೂ ಮೆದುವಾಗಿಯೇ ಇದ್ದರೆ ಆಗ 400ನ್ನು ಉದ್ದವಾಗಿಟ್ಟು ಅದೇ ಕ್ರಮದಲ್ಲಿ ನೋಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಬಾಣದ ಬಾಲ ಬಿಲ್ಲಿಗೆ ಬಡಿಯುತ್ತಿದ್ದರೆ ಗರಿಯಿಲ್ಲದ ಬಾಣ ಸುಳ್ಳು ಹೇಳುತ್ತದೆ: ತೀರಾ ಮೆದುವಾದದ್ದು ಬಡಿದು ಎಡಕ್ಕೆ ಪುಟಿದು ಬಿಗಿಯೆಂದು ತೋರಬಹುದು, ತೀರಾ ಬಿಗಿಯಾದದ್ದು ಮೆದುವೆಂದು ತೋರಬಹುದು. ಇದನ್ನು ಕಂಡುಹಿಡಿಯಲು ಶೆಲ್ಫಿನ ಚರ್ಮಕ್ಕೂ ಪಕ್ಕದ ಪಟ್ಟಿಗೂ ಟಾಲ್ಕಂ ಪೌಡರ್ ತೆಳ್ಳಗೆ ಹಚ್ಚಿ ಒಂದು ಬಾಣ ಬಿಡಿ. ಪೌಡರ್‌ನಲ್ಲಿ ಗೀರು ಎಲ್ಲಿ ಮೂಡಿದೆ, ಶಾಫ್ಟಿನ ಹಿಂಭಾಗದಲ್ಲಿ ಬಿಳಿ ಎಷ್ಟು ದೂರ ಹತ್ತಿದೆ ಎಂದು ನೋಡಿದರೆ ಸಂದೇಹ ಉಳಿಯುವುದಿಲ್ಲ. ನಾಕ್ ಇಡುವ ಎತ್ತರ ಸರಿಯಿಲ್ಲದಿದ್ದರೂ ಇದೇ ತೊಂದರೆ ಬರುವುದರಿಂದ, ಬಾಣ ಮೇಲೆ ಕೆಳಗೆ ಒದೆಯದಂತೆ ಮೊದಲು ಅದನ್ನು ಸರಿಪಡಿಸಿಕೊಂಡು ಆಮೇಲೆ ಎಡಬಲದ ಮಾತಿಗೆ ಬನ್ನಿ. ಮೂರು ಬೆರಳನ್ನೂ ಕೆಳಗಿಟ್ಟು ಎಳೆಯುವವರಿಗೆ ನಾಕ್ ಸಾಮಾನ್ಯವಾಗಿ ಸ್ವಲ್ಪ ಎತ್ತರದಲ್ಲಿ ಬೇಕಾಗುತ್ತದೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಅದಕ್ಕೆ ಒಂದು ಲೆಕ್ಕವನ್ನು ಸೇರಿಸಲು ಬಯಸುತ್ತೇನೆ, ಏಕೆಂದರೆ ‘ಪ್ರತಿ 25 ಗ್ರೇನ್‌ಗೆ ಇಷ್ಟು ಪೌಂಡ್ ಸ್ಪೈನ್’ ಎಂಬ ಅಂದಾಜು ಲೆಕ್ಕವನ್ನು ಹಲವರು ಎಲ್ಲಿಯವರೆಗೆ ಬೇಕಾದರೂ ಎಳೆದುಕೊಂಡು ಹೋಗಿ 300ರ ಶಾಫ್ಟಿಗೆ ಬಂದು ನಿಲ್ಲುತ್ತಾರೆ. 45 ಪೌಂಡ್ ಬಿಲ್ಲಿಗೆ ಅದು ಕಬ್ಬಿಣದ ಸಲಾಕೆ.

ಇಂಚಿಗೆ 8 ಗ್ರೇನ್ ತೂಗುವ 30 ಇಂಚಿನ ಶಾಫ್ಟನ್ನು ತೆಗೆದುಕೊಳ್ಳೋಣ. ಶಾಫ್ಟು 240 ಗ್ರೇನ್, ಇನ್ಸರ್ಟ್ 15, ನಾಕ್ ಮತ್ತು ಗರಿ ಸೇರಿ 35 ಎಂದಿಟ್ಟುಕೊಳ್ಳಿ. 125 ಗ್ರೇನ್ ಮೊನೆ ಹಾಕಿದರೆ ಒಟ್ಟು 415 ಗ್ರೇನ್. ಇದರಲ್ಲಿ ಬಾಣದ ನಡುವಿನಿಂದ ಮುಂದಕ್ಕೆ ಇರುವುದು 260, ಅಂದರೆ ಸುಮಾರು ಶೇ. 63. ಹೆದೆ ನೂಕುವ ಬಲದಲ್ಲಿ ಇಷ್ಟೇ ಭಾಗ ಶಾಫ್ಟಿನ ನಡುವನ್ನು ಒತ್ತುತ್ತದೆ, ಏಕೆಂದರೆ ನಡುವಿನ ಮೂಲಕ ಸಾಗಬೇಕಾದ ಬಲವು ಮುಂದಿರುವ ಭಾರವನ್ನು ನೂಕಲು ಬೇಕಾದಷ್ಟು ಮಾತ್ರ. ಮೊನೆಯನ್ನು 250ಕ್ಕೆ ಏರಿಸಿದರೆ ಒಟ್ಟು 540, ಮುಂದಿನದು 385, ಅಂದರೆ ಶೇ. 71. ಮೊನೆ 350 ಆದರೆ ಶೇ. 76. ಮೊದಲ 125 ಗ್ರೇನ್ ಎಂಟು ಅಂಶ ಏರಿಸಿತು, ಮುಂದಿನ 100 ಗ್ರೇನ್ ಐದೂ ತುಂಬಲಿಲ್ಲ. ಮೊನೆ ಎಷ್ಟೇ ಭಾರವಾದರೂ ಈ ಪಾಲು ನೂರನ್ನು ದಾಟುವಂತಿಲ್ಲ, ಬಿಲ್ಲಿನ ಬಲವಂತೂ ಅಷ್ಟೇ ಇರುತ್ತದೆ. ಆದ್ದರಿಂದ ಭಾರ ಏರುತ್ತ ಹೋದಂತೆ ಪ್ರತಿ ಹೊಸ ಗ್ರೇನ್‌ನ ಪರಿಣಾಮ ಕುಗ್ಗುತ್ತ ಹೋಗುತ್ತದೆ. 125ರಿಂದ 250ಕ್ಕೆ ಹೋಗುವಾಗ ಒಂದು ಮೆಟ್ಟಿಲು ಬಿಗಿಯಾದ ಶಾಫ್ಟು ಬೇಕಾಯಿತೆಂದ ಮಾತ್ರಕ್ಕೆ 250ರಿಂದ 375ಕ್ಕೆ ಹೋಗಲು ಇನ್ನೊಂದು ಮೆಟ್ಟಿಲು ಬೇಕೇ ಬೇಕು ಎಂದೇನಿಲ್ಲ.

ಇನ್ನು ಅಗತ್ಯದ ಪ್ರಶ್ನೆ. ಅದೇ ಲೆಕ್ಕದಲ್ಲಿ ನಿಮ್ಮ ಬಾಣದ ತೂಗುಬಿಂದು ನಡುವಿನಿಂದ ಎಷ್ಟು ಮುಂದಿದೆ ಎಂಬ ಅಳತೆ, ಅಂದರೆ ಎಫ್‌ಒಸಿ, 125 ಗ್ರೇನ್ ಮೊನೆಗೆ ಸುಮಾರು ಶೇ. 13 ಇದ್ದದ್ದು 250ಕ್ಕೆ ಶೇ. 22ರ ಹತ್ತಿರ ಹೋಗುತ್ತದೆ. ಶೇ. 19ನ್ನು ಮೀರಿದ್ದನ್ನು ಬೇಟೆಯ ವಲಯದಲ್ಲಿ ಎಕ್ಸ್‌ಟ್ರೀಮ್ ಎಂದೇ ಕರೆಯುತ್ತಾರೆ. ಭಾರದ ಮುಂಭಾಗದ ಪರವಾಗಿ ಹೆಚ್ಚು ಗಟ್ಟಿಯಾಗಿ ವಾದಿಸಿದವರು ಡಾ. ಎಡ್ ಆಶ್ಬಿ. ಅವರ ಕೆಲಸ 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಶುರುವಾಯಿತು, ಮತ್ತು ಅದು ದೊಡ್ಡ ಪ್ರಾಣಿಗಳ ಎಲುಬು ಸೀಳಿ ಒಳಹೋಗುವ ಬಾಣದ ಕುರಿತದ್ದು. ಫೋಮ್ ಗುರಿಗೆ ಎಲುಬಿಲ್ಲ. ಅಲ್ಲಿ ನಿಮಗೆ ಸಿಗುವ ಲಾಭ ಬೇರೆಯದು: ತೂಗುಬಿಂದು ಮುಂದಿದ್ದರೆ ಗರಿಗಳಿಗೆ ಹೆಚ್ಚು ಉದ್ದದ ಸನ್ನೆಕೋಲು ಸಿಕ್ಕಂತಾಗುವುದರಿಂದ ಬೆರಳಿನ ಸಣ್ಣ ತಪ್ಪಿನಿಂದ ಎದ್ದ ಅಲ್ಲಾಟ ಬೇಗ ಅಡಗುತ್ತದೆ. ಬಿಲ್ಲಿನ ಶಬ್ದವೂ ಕಡಿಮೆಯಾಗುತ್ತದೆ, ಏಕೆಂದರೆ ಬಿಲ್ಲಿನ ಬಲದ ಪ್ರತಿ ಪೌಂಡಿಗೆ 9 ಗ್ರೇನ್ ಇದ್ದ ಬಾಣ ಈಗ 12 ಗ್ರೇನ್ ಆಗಿದೆ.

ಬೆಲೆ ತೆರುವುದು ವೇಗದಲ್ಲಿ. ನಿಮ್ಮಂಥ ಬಿಲ್ಲಿನಿಂದ ಹಗುರ ಬಾಣ ಸೆಕೆಂಡಿಗೆ 170 ಅಡಿ ಹೋಗುತ್ತಿದ್ದರೆ ಭಾರದ್ದು 153ರ ಆಸುಪಾಸಿಗೆ ಇಳಿಯಬಹುದು. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ 20 ಗಜದಲ್ಲಿ ಬಾಣ ಐದಾರು ಇಂಚು ಹೆಚ್ಚು ಇಳಿಯುತ್ತದೆ, 30 ಗಜದಲ್ಲಿ ಹದಿಮೂರು ಇಂಚಿನಷ್ಟು. ದೂರವನ್ನು ಕಣ್ಣಂದಾಜಿನಲ್ಲೇ ಅಳೆಯಬೇಕಾದ ತ್ರೀಡಿಯಲ್ಲಿ ಇದು ಸಣ್ಣ ಮಾತಲ್ಲ. ನನ್ನನ್ನು ಕೇಳಿದರೆ ನಿಮ್ಮ ಉದ್ದೇಶಕ್ಕೆ 175ರಿಂದ 200 ಗ್ರೇನ್ ಮೊನೆ ಸಾಕು. 500ರ ಶಾಫ್ಟನ್ನು 30 ಇಂಚಿನ ಆಚೀಚೆ ಇಟ್ಟುಕೊಂಡರೆ ಆ ಭಾರಕ್ಕೂ ಅದು ಹೊಂದುವ ಸಾಧ್ಯತೆ ಇದೆ. ಪರೀಕ್ಷೆ ಮಾಡುವಾಗ 175, 200, 250 ಮೂರನ್ನೂ ಕೈಯಲ್ಲಿಟ್ಟುಕೊಳ್ಳಿ. ಶಾಫ್ಟನ್ನು ಕತ್ತರಿಸುವ ಮೊದಲು ಮೊನೆಯನ್ನು ಬದಲಿಸಿ ನೋಡುವುದು ಖರ್ಚಿಲ್ಲದ ಕೆಲಸ.

ಉತ್ತರ 3

ನಾನು ಬೆಂಗಳೂರಿನಲ್ಲಿ ಲಾಂಗ್‌ಬೋ (ತುದಿ ಮುಂದಕ್ಕೆ ಬಾಗಿರದ ಉದ್ದ ಬಿಲ್ಲು) ಮತ್ತು ಮರದ ಬಾಣಗಳನ್ನು ಬಳಸುವವನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಬಿಲ್ಲು ಹಿಡಿಯುವವರಿಗೆ ಗುರಿಫಲಕವೊಂದೇ ಗತಿಯಾದ್ದರಿಂದ, ಭಾರದ ಮೊನೆಯನ್ನು ಬೇಟೆಯ ಕಣ್ಣಿನಿಂದ ನೋಡದೆ ಬಾಣದ ಹಾರಾಟದ ದೃಷ್ಟಿಯಿಂದಲೇ ನೋಡುತ್ತೇವೆ. ಈ ಚರ್ಚೆಯನ್ನು ಓದುವವರಲ್ಲಿ ಮರದ ಬಾಣದವರೂ ಇರಬಹುದೆಂದು ಕೆಲವು ಮಾತು ಬರೆಯುತ್ತೇನೆ.

ಮರದ ಶಾಫ್ಟಿನ ಸ್ಪೈನ್ ಅಳೆಯುವ ಪದ್ಧತಿ ಬೇರೆ: ಆಸರೆಗಳ ಅಂತರ 26 ಇಂಚು, ತೂಕ 2 ಪೌಂಡ್, 26ನ್ನು ಬಾಗಿದ ಇಂಚುಗಳಿಂದ ಭಾಗಿಸಿದರೆ ಬರುವುದು ಪೌಂಡಿನ ಅಂಕೆ. ಅರ್ಧ ಇಂಚು ಬಾಗಿದರೆ 52 ಪೌಂಡ್. ಕಾರ್ಬನ್ನಿನ ಅಂಕೆಯನ್ನು ಇದಕ್ಕೆ ತಿರುಗಿಸಿದರೆ 600 ಎಂಬುದು ಸುಮಾರು 52, 500 ಎಂಬುದು 63, 400 ಎಂಬುದು 79 ಪೌಂಡ್ ಆಗುತ್ತದೆ. 500ರಿಂದ 400ಕ್ಕೆ ಇರುವ ಹೆಜ್ಜೆ 600ರಿಂದ 500ಕ್ಕೆ ಇರುವುದಕ್ಕಿಂತ ದೊಡ್ಡದೆಂಬುದನ್ನು ಗಮನಿಸಿ. ನೋಡಲು ಎರಡೂ ನೂರರ ಅಂತರವೇ ಆದರೂ ಒಂದು 11 ಪೌಂಡ್, ಇನ್ನೊಂದು 16 ಪೌಂಡ್. 400ಕ್ಕೆ ಹಾರುವ ಮೊದಲು 500ನ್ನು ಪೂರ್ತಿ ಪರೀಕ್ಷಿಸಿ ಎಂದು ಮೊದಲನೆಯವರು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಮರದಲ್ಲಿ ಬಿಗಿತ ಬೇಕೆಂದರೆ ದಪ್ಪ ಏರಿಸಬೇಕು. 11/32 ಇಂಚಿನಿಂದ 23/64ಕ್ಕೆ ಹೋದರೆ ಅದೇ ಮರ ಶೇ. 20ರಷ್ಟು ಬಿಗಿಯಾಗುತ್ತದೆ, ಜೊತೆಗೆ ಶಾಫ್ಟಿನ ತೂಕವೂ ಶೇ. 9ರಷ್ಟು ಏರುತ್ತದೆ. ಹೀಗಾಗಿ ಮರದ ಬಾಣಕ್ಕೆ 250 ಗ್ರೇನ್ ಮೊನೆ ಹಾಕಿದರೂ ಕಾರ್ಬನ್ನಿನಷ್ಟು ಎಫ್‌ಒಸಿ ಬರುವುದಿಲ್ಲ, ಒಟ್ಟು ಭಾರ ಮಾತ್ರ ಬೆಳೆಯುತ್ತದೆ. ನಾನು ಪೋರ್ಟ್ ಆರ್ಫರ್ಡ್ ಸೀಡರ್ ಶಾಫ್ಟಿಗೆ 160 ಗ್ರೇನ್ ಮೀರಿ ಹಾಕುವುದಿಲ್ಲ. ನಾಕ್‌ನ ಸೀಳು ಮರದ ವಾರ್ಷಿಕ ಉಂಗುರದ ಗೆರೆಗಳಿಗೆ ಅಡ್ಡಲಾಗಿ ಇರಬೇಕು; ಆಗ ಶಾಫ್ಟಿನ ಬಿಗಿಯಾದ ಮಗ್ಗುಲು ಬಿಲ್ಲಿಗೆ ತಾಗುತ್ತದೆ. ಭಾರದ ಮೊನೆ ಹಾಕುವವರು ಇದನ್ನು ತಪ್ಪಿಸಿದರೆ ಒಂದೇ ಕಟ್ಟಿನ ಎರಡು ಬಾಣಗಳು ಎರಡು ದಾರಿ ಹಿಡಿಯುತ್ತವೆ.

ಬಿಲ್ಲಿನ ಬಗೆಯೂ ಮುಖ್ಯ. ಬಾಣ ಹಾಯಲೆಂದು ಹಿಡಿಕೆಯ ಮೇಲೆ ನಡುಗೆರೆಯವರೆಗೆ ಕಿಟಕಿ ಕೊರೆದ ರಿಕರ್ವ್ ಬಿಲ್ಲು ಸ್ವಲ್ಪ ಬಿಗಿ, ಸ್ವಲ್ಪ ಮೆದು ಎರಡನ್ನೂ ಸಹಿಸಿಕೊಳ್ಳುತ್ತದೆ. ಕಿಟಕಿಯೇ ಇಲ್ಲದ ಲಾಂಗ್‌ಬೋ ಅಥವಾ ಕೈಗೆಣ್ಣಿನ ಮೇಲಿಟ್ಟು ಬಿಡುವ ಬಿಲ್ಲಿಗೆ ಬಾಣ ಹೆಚ್ಚು ದೂರ ಬಳಸಿ ಹೋಗಬೇಕಾದ್ದರಿಂದ ಮೆದುವಾದ ಶಾಫ್ಟೇ ಬೇಕು. ಇದನ್ನು ತಿಳಿದರೆ ಸಣ್ಣ ತಿದ್ದುಪಡಿಗೆ ಒಂದು ಉಪಾಯವೂ ಸಿಗುತ್ತದೆ: ನಿಮ್ಮ ಬಿಲ್ಲಿನ ಪಕ್ಕದ ಚರ್ಮದ ಪಟ್ಟಿಯ ಹಿಂದೆ ಒಂದು ಬೆಂಕಿಕಡ್ಡಿಯನ್ನು ನೆಟ್ಟಗೆ ಸೇರಿಸಿದರೆ ಬಾಣ ನಡುಗೆರೆಯಿಂದ ಅಷ್ಟು ಹೊರಗೆ ಸರಿಯುತ್ತದೆ, ಮೆದು ಬಾಣ ಆ ಬಿಲ್ಲಿಗೆ ಹೊಂದಿಕೊಳ್ಳುತ್ತದೆ. ಪಟ್ಟಿಯನ್ನು ತೆಳ್ಳಗೆ ಮಾಡಿದರೆ ಬಿಗಿ ಬಾಣಕ್ಕೆ ಅನುಕೂಲ. ಇದು ಎರಡು ಮೂರು ಇಂಚಿನ ಎಡಬಲದ ತಪ್ಪಿಗೆ ಮದ್ದು, ಒಂದು ಗೇಣಿನದಕ್ಕಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 500ರ ಎರಡು ಶಾಫ್ಟುಗಳನ್ನೂ 175, 200, 250 ಗ್ರೇನ್ ಮೊನೆಗಳನ್ನೂ ತರಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಅಂಗಡಿಯವರು 250 ಗ್ರೇನ್ ಮೊನೆಯ ಬದಲು 100 ಗ್ರೇನ್‌ನ ಹಿತ್ತಾಳೆ ಇನ್ಸರ್ಟ್ ಹಾಕಿ ಅದಕ್ಕೆ 150ರ ಮೊನೆ ತಿರುಗಿಸಿದರೂ ಒಂದೇ ಎನ್ನುತ್ತಾರೆ, ಇದು ನಿಜವೇ? ಮುಂದೆ ಡೇಕ್ರಾನ್ ಬಿಟ್ಟು ಫಾಸ್ಟ್ ಫ್ಲೈಟ್ ಹೆದೆ ಹಾಕುವ ಆಲೋಚನೆಯೂ ಇದೆ. ಪರೀಕ್ಷೆಯನ್ನು ಈಗ ಮಾಡಲೇ, ಹೆದೆ ಬದಲಿಸಿದ ಮೇಲೆ ಮಾಡಲೇ?

ಉತ್ತರ 1 ಬರೆದವರಿಂದ

ಹೆದೆಯನ್ನು ಮೊದಲು ಬದಲಿಸಿ. ಫಾಸ್ಟ್ ಫ್ಲೈಟ್‌ನಂಥ ಹಿಗ್ಗದ ಹೆದೆ ಬಾಣಕ್ಕೆ ಹೆಚ್ಚು ಶಕ್ತಿ ಕೊಡುವುದರಿಂದ ಡೇಕ್ರಾನ್‌ನಲ್ಲಿ ಹದವಾಗಿದ್ದ ಶಾಫ್ಟು ಅದರಲ್ಲಿ ಮೆದುವಾಗುತ್ತದೆ. ಆದರೆ ನಿಮ್ಮ ಬಿಲ್ಲಿನ ತುದಿಗಳು ಅಂಥ ಹೆದೆಯನ್ನು ತಾಳುವಂತೆ ಬಲಪಡಿಸಿದವೇ ಎಂದು ಬಿಲ್ಲು ಮಾಡಿದವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹಳೆಯ ಬಿಲ್ಲುಗಳಲ್ಲಿ ಹೆದೆ ಕೂರುವ ತುದಿ ಸೀಳಿಹೋಗುವುದುಂಟು. ಶಬ್ದ ತಗ್ಗಿಸಲು ಹೆದೆಗೆ ಉಣ್ಣೆಯ ಕುಚ್ಚು ಕಟ್ಟುವುದಾದರೆ ಅದನ್ನೂ ಪರೀಕ್ಷೆಗೆ ಮೊದಲೇ ಕಟ್ಟಿ, ಏಕೆಂದರೆ ಅದರ ಭಾರ ಹೆದೆಯನ್ನು ನಿಧಾನಗೊಳಿಸಿ ಬಾಣವನ್ನು ಬಿಗಿಯಾಗಿ ತೋರಿಸುತ್ತದೆ.

ಇನ್ಸರ್ಟಿನ ವಿಷಯದಲ್ಲಿ ಅಂಗಡಿಯವರ ಮಾತು ಹೆಚ್ಚುಕಡಿಮೆ ಸರಿ, ಪೂರ್ತಿ ಅಲ್ಲ. ತುದಿಯ ಒಟ್ಟು ಭಾರ ಎಂದರೆ ಇನ್ಸರ್ಟ್ ಮತ್ತು ಮೊನೆ ಎರಡೂ ಸೇರಿದ್ದು. ಹಾಗೆ ನೋಡಿದರೆ ಮಾಮೂಲಿ ಅಲ್ಯೂಮಿನಿಯಂ ಇನ್ಸರ್ಟಿನೊಂದಿಗೆ 250ರ ಮೊನೆ 265 ಆಗುತ್ತದೆ, ಹಿತ್ತಾಳೆಯದು ಸರಿಯಾಗಿ 250. ಹಿತ್ತಾಳೆ ಇನ್ಸರ್ಟ್ ಉದ್ದವಾಗಿದ್ದರೆ ಶಾಫ್ಟಿನ ಮುಂದಿನ ಒಂದೆರಡು ಇಂಚು ಬಾಗದಂತೆ ಗಟ್ಟಿಯಾಗುವುದರಿಂದ ಬಾಣ ಸ್ವಲ್ಪ ಬಿಗಿಯಾಗಿ ವರ್ತಿಸುತ್ತದೆ. ಪರೀಕ್ಷೆಗೆ ಬಳಸಿದ ಜೋಡಣೆಯನ್ನೇ ಇಡೀ ಡಜನ್‌ಗೆ ಬಳಸಿದರೆ ಚಿಂತೆಯಿಲ್ಲ. ಪ್ರತಿಯೊಂದು ಮೊನೆಯನ್ನೂ ಇನ್ಸರ್ಟನ್ನೂ ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ. ಒಂದು ಗ್ರೇನ್ 0.065 ಗ್ರಾಂ ಮಾತ್ರ, ಅಡುಗೆಮನೆಯ ತಕ್ಕಡಿಗೆ ಅದು ಕಾಣುವುದಿಲ್ಲ. ತೂಗಿದ ಮೇಲೆ ಹತ್ತಿರದ ತೂಕದವುಗಳನ್ನು ಒಂದು ಕಟ್ಟಿಗೆ ಆರಿಸಿಕೊಳ್ಳಿ.

ಭಾರದ ಮೊನೆಯ ಕಾರ್ಬನ್ ಬಾಣ ಓರೆಯಾಗಿ ಬೇರಿಗೋ ಕಲ್ಲಿಗೋ ಬಡಿದರೆ ಇನ್ಸರ್ಟ್ ಮುಗಿಯುವ ಜಾಗದಲ್ಲೇ ಸೀಳುತ್ತದೆ. ಅಲ್ಲಿ ಒಂದು ಇಂಚು ಉದ್ದದ ಅಲ್ಯೂಮಿನಿಯಂ ಕೊಳವೆಯನ್ನು ಹೊರಗಿನಿಂದ ತೊಡಿಸಿ ಅಂಟಿಸಿದರೆ ಬಾಣದ ಆಯುಸ್ಸು ಹೆಚ್ಚುತ್ತದೆ. ಅದರ ಭಾರವನ್ನೂ ತುದಿಯ ಲೆಕ್ಕಕ್ಕೆ ಸೇರಿಸಿ, ಪರೀಕ್ಷೆಯ ಬಾಣಕ್ಕೂ ಅದನ್ನು ತೊಡಿಸಿಯೇ ಬಿಡಿ. ಗುರಿ ತಪ್ಪಿ ಗಟ್ಟಿ ಜಾಗಕ್ಕೆ ಬಡಿದ ಪ್ರತಿ ಬಾಣವನ್ನೂ ಎರಡು ಕೈಯಲ್ಲಿ ಹಿಡಿದು ಮುಖದಿಂದ ದೂರವಿಟ್ಟು ನಾಲ್ಕೂ ಕಡೆಗೆ ಮೆಲ್ಲಗೆ ಬಗ್ಗಿಸಿ, ಚಟಪಟ ಸದ್ದು ಬರುತ್ತದೆಯೇ ಎಂದು ಆಲಿಸಿ. ಸದ್ದು ಬಂದದ್ದನ್ನು ಮತ್ತೆ ಹೆದೆಗೇರಿಸಬೇಡಿ; ಸೀಳಿದ ಕಾರ್ಬನ್ ಬಾಣ ಬಿಡುವಾಗ ಮುರಿದರೆ ಅದರ ಸಿಬಿರು ಹೊಕ್ಕುವುದು ಬಿಲ್ಲು ಹಿಡಿದ ಕೈಗೆ.